ಮನೆಗೆ ಬಂದ ಯಂತ್ರ, ಮನೆಗಾದ ನಷ್ಟ

ಮನೆಗೆ ಹೊಸ ಸಾಮಾನು ಬರುವ ದಿನವೆಂದರೆ ಒಂದು ಚಿಕ್ಕ ಹಬ್ಬವೇ ಸರಿ. ಬೀದಿಯಲ್ಲಿ ಟೆಂಪೋ ನಿಂತೊಡನೆ ಮಕ್ಕಳು ಹೊರಗೆ ಓಡುತ್ತಾರೆ. ಎದುರುಮನೆಯವರು ಬಾಗಿಲಿಗೆ ಬರುತ್ತಾರೆ. ಅಜ್ಜಿ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಸಿದ್ಧವಾಗಿರುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ, ಕೃಷ್ಣರಾಜನಗರದ ಕಡೆ ಭತ್ತದ ಸುಗ್ಗಿ ಮುಗಿದ ಮೇಲೆ, ಇಂಥ ಹಬ್ಬಗಳು ಹೆಚ್ಚು. ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗಲೇ ಅಲ್ಲವೆ, ಬಹುದಿನದಿಂದ ಅಂದುಕೊಂಡಿದ್ದ ಫ್ರಿಜ್ಜೋ, ಬಟ್ಟೆ ಒಗೆಯುವ ಯಂತ್ರವೋ, ಗೀಸರೋ ಮನೆಗೆ ಬರುವುದು?

ಆದರೆ ಟೆಂಪೋ ಹೊರಟುಹೋದ ಮೇಲೆ ಕೆಲವು ಮನೆಗಳಲ್ಲಿ ಹಬ್ಬದ ಕಳೆ ಇಳಿಯುತ್ತದೆ. ಮನೆಯಾಕೆ ರಟ್ಟಿನ ಚೂರುಗಳನ್ನು ಗುಡಿಸಲು ಬಗ್ಗಿದಾಗ ನೋಡುತ್ತಾರೆ: ಹಜಾರದ ಕೆಂಪು ಗಾರೆ ನೆಲದ ಮೇಲೆ ಬಾಗಿಲಿನಿಂದ ಅಡಿಗೆಮನೆಯವರೆಗೆ ಒಂದು ಉದ್ದನೆಯ ಗೀರು. ಬಾಗಿಲುವಾಡದ ಅಂಚು ಎದ್ದುಬಂದಿದೆ. ಸ್ನಾನದ ಮನೆಯ ಗೋಡೆಯಲ್ಲಿ ಒಂದಕ್ಕೆ ನಾಲ್ಕು ತೂತು. ಅಂಗಡಿಗೆ ಫೋನು ಮಾಡಿದರೆ, "ಜೋಡಿಸಲು ಬಂದವರು ನಮ್ಮವರಲ್ಲ, ಕಂಪನಿಯವರು" ಎಂಬ ಉತ್ತರ. ಕಂಪನಿಯವರನ್ನು ಕೇಳಿದರೆ, "ಅವರು ಕಂಟ್ರಾಕ್ಟುದಾರರ ಆಳುಗಳು." ಕಂಟ್ರಾಕ್ಟುದಾರರನ್ನು ಹುಡುಕಿದರೆ, "ಆ ಹುಡುಗನನ್ನೇ ಕೇಳಿ." ಎಲ್ಲರೂ ಕೈತೊಳೆದುಕೊಂಡ ಮೇಲೆ ಕೊನೆಗೆ ಉಳಿಯುವವರು ಇಬ್ಬರೇ: ನೆಲ ಕೆಟ್ಟ ಮನೆಯವರು, ಮತ್ತು ದಿನಗೂಲಿಗೆ ಬಂದ ಆ ಹುಡುಗ.

ಈ ಇಬ್ಬರಿಗೂ ಅನ್ಯಾಯವಾಗದಂತೆ ಇಂಥ ನಷ್ಟವನ್ನು ಸರಿಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ನಾವು ಈಗ ಸ್ವಲ್ಪ ಆಲೋಚಿಸೋಣ.

ಮೊದಲು ನಮ್ಮ ಮನೆಗಳ ವಿಚಾರ. ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ್ದು 1902ರಲ್ಲಿ. ಮೈಸೂರು ನಗರಕ್ಕೆ ಅದರ ಬೆಳಕು ಬಂದದ್ದು 1908ರಲ್ಲಿ. ಹಳ್ಳಿಹಳ್ಳಿಗೆ ತಂತಿ ತಲುಪಲು ಇನ್ನೂ ಎಷ್ಟೋ ದಶಕಗಳು ಹಿಡಿದವು. ಹಾಗೆ ಬಂದ ವಿದ್ಯುತ್ತು ಬಹುಕಾಲ ಒಂದೆರಡು ದೀಪ, ಒಂದು ರೇಡಿಯೋ, ಇಷ್ಟಕ್ಕೆ ಮಾತ್ರ ಬೇಕಾಗಿತ್ತು. ನಮ್ಮ ಹಿರಿಯರು ಮನೆ ಕಟ್ಟಿದ್ದು ಆ ಲೆಕ್ಕದಲ್ಲಿ. ತಲೆ ಬಗ್ಗಿಸಿ ನಡೆಯಬೇಕಾದ ಗಿಡ್ಡ ಬಾಗಿಲು, ಎತ್ತರದ ಹೊಸ್ತಿಲು, ಮಣ್ಣಿನ ಗೋಡೆಯ ಮೇಲೆ ಗಾರೆ, ಮೇಲೆ ನಾಡಹೆಂಚು ಅಥವಾ ಮಂಗಳೂರು ಹೆಂಚು. ಗಾವಡಗೆರೆಯಂಥ ಹೋಬಳಿಯ ಊರಿನಲ್ಲಿ ಇಂಥ ಮನೆಯ ಪಕ್ಕದಲ್ಲೇ ತಾರಸಿಯ ಹೊಸ ಮನೆಯೂ ಇರುತ್ತದೆ. ಅಂಗಡಿಯಿಂದ ಬರುವವರ ಬಳಿ ಇರುವುದು ಮಾತ್ರ ಒಂದೇ ಡ್ರಿಲ್ಲು, ಒಂದೇ ಅಳತೆಯ ಮೊಳೆ, ಒಂದೇ ಅಭ್ಯಾಸ. ಪಟ್ಟಣದ ಇಟ್ಟಿಗೆ ಗೋಡೆಗೆ ಹೊಂದುವ ಕೆಲಸ ಹಳ್ಳಿಯ ಮಣ್ಣಿನ ಗೋಡೆಗೆ ಹೊಂದುವುದಿಲ್ಲ.

ಒಂದು ಉದಾಹರಣೆಯನ್ನು ನೋಡಿ. 25 ಲೀಟರಿನ ಗೀಸರು ತುಂಬಿದಾಗ ನೀರಿನ ತೂಕವೇ 25 ಕಿಲೋ. ತೊಟ್ಟಿಯ ತೂಕ ಬೇರೆ. ಗಟ್ಟಿ ಇಟ್ಟಿಗೆಯ ಗೋಡೆ ಇದನ್ನು ಹೊರುತ್ತದೆ. ಮಣ್ಣಿನ ಗೋಡೆಯಲ್ಲಿ ಬೋಲ್ಟು ಕ್ರಮೇಣ ಸಡಿಲಗೊಂಡು, ಒಂದು ದಿನ ಗಾರೆಯನ್ನೂ ಕಿತ್ತುಕೊಂಡು ಕೆಳಗೆ ಬೀಳಬಹುದು. ಅದರ ಕೆಳಗೆ ಸ್ನಾನ ಮಾಡುತ್ತಿರುವವರು ನಮ್ಮ ಮನೆಯವರೇ. ಇದು ಬರಿಯ ಗೋಡೆಯ ಅಂದದ ಪ್ರಶ್ನೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಮುಂಭಾಗದಲ್ಲಿ ಬಾಗಿಲಿರುವ ಬಟ್ಟೆ ಒಗೆಯುವ ಯಂತ್ರದ ಸಂಗತಿಯೂ ಹೀಗೆಯೇ. ಅದರ ಒಳಗೆ ಕಾಂಕ್ರೀಟಿನ ಭಾರವನ್ನು ಕೂರಿಸಿರುತ್ತಾರೆ. ಆದ್ದರಿಂದಲೇ ಅದು ಅಷ್ಟು ತೂಕ. ಸಾಗಣೆಯಲ್ಲಿ ಒಳಗಿನ ಉರುಳೆ ಅಲುಗಾಡದಿರಲಿ ಎಂದು ಹಿಂಭಾಗದಲ್ಲಿ ಉದ್ದನೆಯ ಬೋಲ್ಟುಗಳನ್ನು ಬಿಗಿದಿರುತ್ತಾರೆ. ಜೋಡಿಸುವವರು ಇವನ್ನು ಬಿಚ್ಚಲು ಮರೆತರೆ, ಯಂತ್ರ ತಿರುಗುವಾಗ ಕುಣಿಯತೊಡಗುತ್ತದೆ. ನೆಲದ ಹಾಸನ್ನು ಒಡೆಯುತ್ತದೆ. ನೀರಿನ ಕೊಳವೆಯನ್ನು ಕಿತ್ತೆಸೆಯುತ್ತದೆ. ಬಿಚ್ಚಿದ ಆ ಬೋಲ್ಟುಗಳನ್ನು ನಿಮ್ಮ ಕೈಗೆ ಕೊಡುವಂತೆ ಕೇಳಿ ಇಟ್ಟುಕೊಳ್ಳಿ. ಮನೆ ಬದಲಾಯಿಸುವಾಗ ಅವು ಮತ್ತೆ ಬೇಕು. ಅವು ನಿಮ್ಮ ಕೈಯಲ್ಲಿದ್ದರೆ ಬಿಚ್ಚಿದ್ದಾರೆ ಎಂಬುದಕ್ಕೆ ಅದೇ ಗುರುತು.

ಕೆಲವು ನಷ್ಟಗಳು ಆ ದಿನ ಕಾಣುವುದೇ ಇಲ್ಲ. ಟೆಲಿವಿಷನ್ನಿನ ತಟ್ಟೆಯನ್ನು ಕಟ್ಟಲು ಹೆಂಚಿನ ಮೇಲೆ ಹತ್ತಿದವರು ಎರಡು ಹೆಂಚನ್ನು ಸೀಳಿರುತ್ತಾರೆ. ಬೇಸಗೆಯಲ್ಲಿ ಅದು ತಿಳಿಯದು. ಆರಿದ್ರಾ ಮಳೆ ಹಿಡಿದ ರಾತ್ರಿ ಹಾಸಿಗೆಯ ಮೇಲೆ ತೊಟ್ಟಿಕ್ಕಿದಾಗ ತಿಳಿಯುತ್ತದೆ. ತಾರಸಿಯ ಮೇಲೆ ಸೌರ ನೀರು ಕಾಯಿಸುವ ತೊಟ್ಟಿ ಇಡುವವರು, ನೀರು ಇಂಗದಂತೆ ಹಾಕಿಸಿದ ಮೇಲ್ಪದರವನ್ನು ತೂತು ಮಾಡಿದರೂ ಹೀಗೆಯೇ. 200 ಲೀಟರಿನ ತೊಟ್ಟಿಯೆಂದರೆ ನೀರೇ 200 ಕಿಲೋ. ಅದರ ಕಾಲುಗಳನ್ನು ಸಿಮೆಂಟಿನ ಕಟ್ಟೆಗಳ ಮೇಲೆ ನಿಲ್ಲಿಸಬೇಕೇ ಹೊರತು ತಾರಸಿಗೆ ಮೊಳೆ ಹೊಡೆದು ಕೂರಿಸಬಾರದು. ಗೋಡೆಯೊಳಗೆ ಹುದುಗಿಸಿದ ನೀರಿನ ಕೊಳವೆಗೆ ಡ್ರಿಲ್ಲು ತಗುಲಿದ್ದರೆ ವಾರದ ಮೇಲೆ ಬಣ್ಣ ಉಬ್ಬಿ, ಆಮೇಲೆ ಗೋಡೆ ತೇವವಾಗುತ್ತದೆ.

ಹಾಗಾದರೆ ಮುಂಜಾಗ್ರತೆ ಏನು? ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲವಷ್ಟೆ. ಸಾಮಾನನ್ನು ಆರಿಸುವ ದಿನವೇ ಕೆಲವು ಮಾತುಗಳನ್ನು ತೀರ್ಮಾನ ಮಾಡಿಕೊಳ್ಳಬೇಕು. ಮನೆಯ ಬಾಗಿಲು, ತಿರುವು, ಮೆಟ್ಟಿಲುಗಳ ಅಗಲವನ್ನು ಅಳೆದು ಅಂಗಡಿಗೆ ಹೋಗಿ. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಮೇಲೆ ಹೆಂಚೋ ತಾರಸಿಯೋ, ಇದನ್ನು ಅಂಗಡಿಯವರಿಗೆ ತಿಳಿಸಿ. ತಂದುಕೊಡುವವರು ಯಾರು, ಜೋಡಿಸುವವರು ಯಾರು, ಎರಡೂ ಬೆಲೆಯಲ್ಲಿ ಸೇರಿವೆಯೆ ಎಂದು ಕೇಳಿ; ಸೇರಿದ್ದರೆ "ಸಾಗಣೆ ಮತ್ತು ಜೋಡಣೆ ಸೇರಿ" ಎಂದು ಬಿಲ್ಲಿನಲ್ಲೇ ಬರೆಸಿ. ಈ ನಾಲ್ಕು ಪದ ಮುಂದೆ ಬಹಳ ಬೆಲೆ ಬಾಳುತ್ತವೆ. "ಜೋಡಣೆ ಪುಕ್ಕಟೆ, ಪುಕ್ಕಟೆ ಕೆಲಸಕ್ಕೆ ಹೊಣೆಯಿಲ್ಲ" ಎಂದು ಯಾರಾದರೂ ಹೇಳಿದರೆ, ಅದರ ಬೆಲೆ ಸಾಮಾನಿನ ಬೆಲೆಯಲ್ಲೇ ಅಡಗಿದೆ ಎಂದು ತೋರಿಸಲು ನಮಗೆ ಆಧಾರ ಬೇಕು.

ಸಾಮಾನು ಬರುವ ಮುನ್ನ ಮೊಬೈಲಿನಲ್ಲಿ ನೆಲ, ಬಾಗಿಲು, ಗೋಡೆಗಳ ಒಂದೊಂದು ಚಿತ್ರ ತೆಗೆದಿಡಿ. ಎರಡು ನಿಮಿಷದ ಕೆಲಸ. ಸಾಮಾನು ಸಾಗುವ ದಾರಿಗೆ ಹಳೆಯ ಜಮಖಾನವನ್ನೋ ಕಂಬಳಿಯನ್ನೋ ಹಾಸಿ. ಎಳೆಯಬೇಡಿ, ಎತ್ತಿ ಎಂದು ಮೊದಲೇ ಹೇಳಿ. ಇಬ್ಬರಿಂದ ಆಗದಿದ್ದರೆ ಮೂರನೆಯವರು ಬರುವವರೆಗೆ ಕಾಯಿರಿ. ಗೋಡೆಯೊಳಗಿನ ತಂತಿ ಕೊಳವೆಗಳು ಎಲ್ಲಿ ಹೋಗಿವೆ ಎಂಬುದು ನಿಮಗೆ ಗೊತ್ತಿದ್ದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿ. ಗೊತ್ತಿಲ್ಲದಿದ್ದರೂ ಒಂದು ನಿಯಮ ನೆನಪಿರಲಿ: ಸ್ವಿಚ್ಚಿನ ಹಲಗೆಯ ನೇರ ಮೇಲೆ, ನೇರ ಕೆಳಗೆ, ನಲ್ಲಿಯ ನೇರ ಮೇಲೆ ತೂತು ಕೊರೆಯಬಾರದು, ತಂತಿಯೂ ಕೊಳವೆಯೂ ಸಾಮಾನ್ಯವಾಗಿ ಅಲ್ಲೇ ಹಾದುಹೋಗಿರುತ್ತವೆ.

ಮುಖ್ಯವಾದ ಇನ್ನೊಂದು ಮಾತು ರುಜುವಿನದು. ಹೊತ್ತು ಮೀರಿತೆಂದು ಅವಸರದಲ್ಲಿರುವ ಹುಡುಗ, "ಅಮ್ಮಾ, ಇಲ್ಲೊಂದು ಸೈನ್ ಹಾಕಿಬಿಡಿ, ಮೊಬೈಲಿಗೆ ಬಂದ ಓಟಿಪಿ ಹೇಳಿಬಿಡಿ" ಎನ್ನುತ್ತಾನೆ. ಮನೆಯಲ್ಲಿ ಹೆಂಗಸರೊಬ್ಬರೇ ಇದ್ದರೆ ಸಂಕೋಚದಿಂದ ಕೊಟ್ಟೂಬಿಡುತ್ತಾರೆ. ಆ ಚೀಟಿಯಲ್ಲಿ "ಸಾಮಾನು ಸುಸ್ಥಿತಿಯಲ್ಲಿ ಸೇರಿದೆ, ಕೆಲಸ ತೃಪ್ತಿಕರ" ಎಂದು ಮೊದಲೇ ಅಚ್ಚಾಗಿರುತ್ತದೆ. ಓಟಿಪಿ ಹೇಳುವುದೂ ರುಜು ಹಾಕಿದಂತೆಯೇ. ಆದ್ದರಿಂದ ಅವರನ್ನು ಕೂರಿಸಿ, ಒಂದು ಲೋಟ ನೀರೋ ಕಾಫಿಯೋ ಕೊಟ್ಟು, ಆ ಹೊತ್ತಿನಲ್ಲಿ ನಿಧಾನವಾಗಿ ಎಲ್ಲವನ್ನೂ ನೋಡಿ. ನಲ್ಲಿ ತಿರುಗಿಸಿ, ಯಂತ್ರವನ್ನು ಒಂದು ಸಲ ನಡೆಸಿ, ಗೋಡೆ ನೆಲಗಳನ್ನು ಕಣ್ಣಾಡಿಸಿ. ಆಮೇಲೆ ರುಜು. ಏನಾದರೂ ಕೆಟ್ಟಿದ್ದರೆ ಅದನ್ನು ಆ ಚೀಟಿಯ ಮೇಲೆಯೇ ಕನ್ನಡದಲ್ಲಿ ಬರೆದು ರುಜು ಹಾಕಿ. ಅದರ ಚಿತ್ರ ತೆಗೆದುಕೊಳ್ಳಿ.

ಇನ್ನು ನಷ್ಟವಾಗಿಯೇ ಬಿಟ್ಟಿತು ಎನ್ನೋಣ. ಆಗ ಮೊದಲ ಕೆಲಸ ಜಗಳವಲ್ಲ. ನಷ್ಟ ಹೆಚ್ಚದಂತೆ ತಡೆಯುವುದು. ನೀರು ಸೋರುತ್ತಿದ್ದರೆ ಮೇಲಿನ ತೊಟ್ಟಿಯ ವಾಲ್ವನ್ನು ಮುಚ್ಚಿ. ತಂತಿಗೆ ತಗುಲಿದೆ ಎಂಬ ಅನುಮಾನವಿದ್ದರೆ ಮೇನ್ ಸ್ವಿಚ್ಚನ್ನು ಇಳಿಸಿ, ತಿಳಿದ ಎಲೆಕ್ಟ್ರೀಷಿಯನ್ ನೋಡುವವರೆಗೆ ಮುಟ್ಟಬೇಡಿ. ಕಾನೂನು ಕೂಡ ಇದನ್ನೇ ಬಯಸುತ್ತದೆ. 1872ರ ಕರಾರು ಕಾಯಿದೆಯ 73ನೆಯ ಪ್ರಕರಣದಂತೆ ನಷ್ಟವನ್ನು ಲೆಕ್ಕ ಹಾಕುವಾಗ, ಅದನ್ನು ತಗ್ಗಿಸಲು ನಮ್ಮ ಕೈಯಲ್ಲಿ ಏನು ಉಪಾಯವಿತ್ತು ಎಂಬುದನ್ನೂ ಪರಿಗಣಿಸುತ್ತಾರೆ. ಸೋರುವ ನೀರನ್ನು ಮೂರು ದಿನ ಹಾಗೆಯೇ ಬಿಟ್ಟು ಆಮೇಲೆ ಗೋಡೆ ಪೂರ್ತಿ ಹೋಯಿತೆಂದರೆ ಅದು ನಡೆಯದು.

ಎರಡನೆಯದು, ಗುರುತು. ಹತ್ತಿರದಿಂದ ಒಂದು, ದೂರದಿಂದ ಒಂದು ಚಿತ್ರ ತೆಗೆಯಿರಿ. ನಡೆದದ್ದೇನೆಂದು ಕೆಲಸದವರನ್ನು ಸಮಾಧಾನವಾಗಿ ಕೇಳಿ. "ಏನಪ್ಪ, ಇದು ಹೇಗಾಯ್ತು?" ಎಂದರೆ ಸಾಕು, ಬಹುಮಂದಿ ನಿಜ ಹೇಳುತ್ತಾರೆ. ಗದರಿಸಿದರೆ ಮಾತ್ರ, "ಮೊದಲೇ ಹಾಗಿತ್ತು" ಎಂಬ ಸುಳ್ಳು ಹುಟ್ಟುತ್ತದೆ. ಟೆಂಪೋದ ಬೀಗದ ಕೈ ಕಸಿದುಕೊಳ್ಳುವುದು, ಅವರನ್ನು ತಡೆದು ಕೂರಿಸುವುದು, ಇವು ಸರ್ವಥಾ ಕೂಡದು. ನ್ಯಾಯ ನಮ್ಮ ಕಡೆಗಿದ್ದಾಗ ಅದನ್ನು ನಾವೇ ಕೆಡಿಸಿಕೊಂಡಂತಾಗುತ್ತದೆ.

ಈಗ ಹೊಣೆಯ ಪ್ರಶ್ನೆಗೆ ಬರೋಣ. ಒಬ್ಬ ಯಜಮಾನ ತನ್ನ ಕೆಲಸಕ್ಕೆ ಆಳನ್ನು ಕಳುಹಿಸಿದಾಗ, ಆ ಕೆಲಸ ಮಾಡುವ ಸಂದರ್ಭದಲ್ಲಿ ಆಳಿನ ಅಜಾಗರೂಕತೆಯಿಂದ ಆದ ನಷ್ಟಕ್ಕೆ ಯಜಮಾನನೇ ಹೊಣೆ. ಇದು ನ್ಯಾಯಾಲಯಗಳು ಬಹುಕಾಲದಿಂದ ಒಪ್ಪಿರುವ ತತ್ವ. ಇದರ ಜೊತೆಗೆ ಗ್ರಾಹಕರಿಗಾಗಿಯೇ ಒಂದು ಕಾನೂನಿದೆ. 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ 2019ರ ಹೊಸ ಕಾಯಿದೆ ಬಂದು, 2020ರ ಜುಲೈನಿಂದ ಜಾರಿಯಲ್ಲಿದೆ. ಸೇವೆ ಒದಗಿಸುವವರ ನಿರ್ಲಕ್ಷ್ಯದಿಂದ ಗ್ರಾಹಕನಿಗೆ ನಷ್ಟವಾದರೆ ಅದು ಸೇವೆಯ ನ್ಯೂನತೆಯೇ ಎಂದು ಈ ಕಾಯಿದೆ ಬಾಯಿಬಿಟ್ಟು ಹೇಳುತ್ತದೆ. ದೋಷವುಳ್ಳ ಸಾಮಾನಿನಿಂದಾಗಲಿ, ಅದಕ್ಕೆ ಸಂಬಂಧಿಸಿದ ದೋಷಪೂರ್ಣ ಸೇವೆಯಿಂದಾಗಲಿ ಗ್ರಾಹಕನ ಬೇರೆ ಆಸ್ತಿಗೆ ಹಾನಿಯಾದರೆ ಪರಿಹಾರ ಕೇಳುವ ಹಕ್ಕನ್ನೂ ಹೊಸದಾಗಿ ಸೇರಿಸಿದೆ. ತಯಾರಕರು, ಮಾರಿದವರು, ಸೇವೆ ಮಾಡಿದವರು, ಮೂವರೂ ತಂತಮ್ಮ ತಪ್ಪಿನ ಮಟ್ಟಿಗೆ ಇದರ ವ್ಯಾಪ್ತಿಗೆ ಬರುತ್ತಾರೆ.

ಆದ್ದರಿಂದ "ಅವರು ನಮ್ಮವರಲ್ಲ" ಎಂಬ ಮಾತಿಗೆ ನೀವು ಅಂಜಬೇಕಾಗಿಲ್ಲ. ಅಂಗಡಿ, ಕಂಪನಿ, ಜೋಡಣೆಯ ಗುತ್ತಿಗೆ ಹಿಡಿದವರು, ಇವರಲ್ಲಿ ಯಾರು ಯಾರನ್ನು ಕಳುಹಿಸಿದರೆಂಬುದು ಅವರೊಳಗಿನ ಲೆಕ್ಕ. ದೂರಿನಲ್ಲಿ ಮೂವರ ಹೆಸರನ್ನೂ ಸೇರಿಸಿ. ಹೊಣೆಯನ್ನು ಹಂಚುವುದು ತೀರ್ಪು ಕೊಡುವವರ ಕೆಲಸ. ಬಿಲ್ಲು ಯಜಮಾನರ ಹೆಸರಿನಲ್ಲಿದೆ ಎಂದು ಗೃಹಿಣಿಯರು ಹಿಂಜರಿಯಬೇಕಾಗಿಯೂ ಇಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾನೂನಿನ ಪ್ರಕಾರ ಗ್ರಾಹಕರೇ.

ಇಲ್ಲಿ ಆ ಹುಡುಗನ ವಿಚಾರವನ್ನು ನಾನು ಹೇಳಲೇಬೇಕು. ಹೊಣೆಯವರೆಲ್ಲ ದೂರದಲ್ಲಿದ್ದಾರೆ, ಎದುರಿಗೆ ಸಿಕ್ಕವನು ಅವನೊಬ್ಬನೇ. "ಐನೂರು ರೂಪಾಯಿ ಇಟ್ಟು ಹೋಗು" ಎಂದು ಪಟ್ಟು ಹಿಡಿಯುವವರು ಇದ್ದಾರೆ. ಅವನ ಅಂದಿನ ಕೂಲಿಯೇ ಅಷ್ಟಿರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇದು. ಅವನಿಗೆ ಒಂದೇ ದಿನದಲ್ಲಿ ಬಿಳಿಕೆರೆಯಲ್ಲೊಂದು, ಗಾವಡಗೆರೆಯಲ್ಲೊಂದು, ಹನಗೋಡಿನಲ್ಲೊಂದು ಮನೆ ಮುಗಿಸಬೇಕೆಂದು ಕಟ್ಟಪ್ಪಣೆಯಾಗಿದ್ದರೆ, ಮೂವರು ಎತ್ತಬೇಕಾದ್ದನ್ನು ಇಬ್ಬರ ಹೆಗಲಿಗೆ ಹೊರಿಸಿದ್ದರೆ, ಬೋಲ್ಟು ಬಿಚ್ಚಬೇಕೆಂದು ಯಾರೂ ಕಲಿಸದೆ ಕಳುಹಿಸಿದ್ದರೆ, ಆ ತಪ್ಪು ಮೊದಲು ಯಾರದು? ಅವಸರವನ್ನು ಹುಟ್ಟಿಸಿದವರು ಅದರ ನಷ್ಟವನ್ನೂ ಹೊರಬೇಕು. ಹಾಗಾದಾಗ ಮಾತ್ರ ಮುಂದಿನ ಸಲ ಮೂರನೆಯ ಆಳು ಬರುತ್ತಾನೆ. ನಾವು ಹುಡುಗನ ಜೇಬಿನಿಂದ ಐನೂರು ತೆಗೆದುಕೊಂಡು ಸುಮ್ಮನಾದರೆ, ಕಳುಹಿಸಿದವರಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ನಾಳೆ ಇನ್ನೊಂದು ಮನೆಯ ನೆಲ ಒಡೆಯುತ್ತದೆ.

ಮಾಲೀಕರಾದರೂ ಮನಸ್ಸು ಬಂದಂತೆ ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ. ನಷ್ಟದ ಹೆಸರಿನಲ್ಲಿ ನೌಕರನ ವೇತನದಿಂದ ಕಡಿತ ಮಾಡುವ ಮುನ್ನ ಅವನ ಸಮಜಾಯಿಷಿಯನ್ನು ಕೇಳಬೇಕೆಂಬ ಕಟ್ಟುಪಾಡು 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೂ ಕಾಗದದ ಮೇಲಿನ ಕಟ್ಟುಪಾಡು ಎಲ್ಲ ಕಡೆ ನಡೆಯುತ್ತದೆಂದು ನಂಬಿ ಕೂರಲಾಗದು. ಆದ್ದರಿಂದ ನಾವು ಬರೆಯುವ ಕಾಗದದಲ್ಲೇ ಒಂದು ವಾಕ್ಯ ಸೇರಿಸುವುದು ಒಳ್ಳೆಯದು. ಕಾಗದ ಹೀಗಿರಲಿ:

"ಇಂಥ ತಾರೀಖು, ಇಷ್ಟು ಗಂಟೆಗೆ, ಇಂಥ ನಂಬರಿನ ಬಿಲ್ಲಿನ ಸಾಮಾನನ್ನು ತಮ್ಮ ಪರವಾಗಿ ತಂದು ಜೋಡಿಸುವಾಗ ನಮ್ಮ ಹಜಾರದ ನೆಲದ ಎರಡು ಕಲ್ಲುಗಳು ಬಿರುಕು ಬಿಟ್ಟಿವೆ. ಮೊದಲಿನ ಮತ್ತು ಆಮೇಲಿನ ಚಿತ್ರಗಳನ್ನೂ, ರಿಪೇರಿಗೆ ಗಾರೆ ಕೆಲಸದವರು ಕೊಟ್ಟ ಅಂದಾಜು ಪಟ್ಟಿಯನ್ನೂ ಲಗತ್ತಿಸಿದೆ. ಹದಿನೈದು ದಿನಗಳೊಳಗೆ ತಾವು ಸರಿಪಡಿಸಿಕೊಡಬೇಕು, ಇಲ್ಲವೆ ಅಂದಾಜಿನ ಮೊತ್ತವನ್ನು ಕೊಡಬೇಕು. ಕೆಲಸಕ್ಕೆ ಬಂದಿದ್ದವರು ನಡೆದದ್ದನ್ನು ಮರೆಮಾಚದೆ ಹೇಳಿದ್ದಾರೆ. ಈ ಹಣವನ್ನು ಅವರ ಕೂಲಿಯಲ್ಲಿ ಮುರಿಯಬೇಕೆಂಬುದು ನಮ್ಮ ಇಷ್ಟವಲ್ಲ."

ಇಷ್ಟೇ ಸಾಕು. ಬೈಗುಳ ಬೇಡ, ಬೆದರಿಕೆ ಬೇಡ. ಮೊದಲು ಅಂಗಡಿಗೆ ನೇರವಾಗಿ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿ ಇಟ್ಟುಕೊಳ್ಳಿ. ಇಂಟರ್‌ನೆಟ್ಟಿನ ಮೂಲಕ ಕೊಂಡ ಸಾಮಾನಾದರೆ, ಆ ವ್ಯಾಪಾರಿಗಳು ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಿರಬೇಕು. 2020ರ ನಿಯಮಗಳಂತೆ ದೂರು ಬಂದ 48 ಗಂಟೆಗಳೊಳಗೆ ಅವರು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಎಷ್ಟು ಕೇಳುವುದು ಎಂಬುದು ಸೂಕ್ಷ್ಮವಾದ ಪ್ರಶ್ನೆ. ಪರಿಹಾರವೆಂದರೆ ನಷ್ಟ ತುಂಬಿಕೊಡುವುದು, ಲಾಭ ಮಾಡಿಕೊಡುವುದಲ್ಲ. ಎರಡು ಕಲ್ಲು ಒಡೆದರೆ ಎರಡು ಕಲ್ಲಿನ ಬೆಲೆ, ಕೂಲಿ, ಸಿಮೆಂಟು. ಒಂದು ಗೀರಿಗೆ ಇಡೀ ಮನೆಗೆ ಗ್ರಾನೈಟು ಕೇಳಿದರೆ ನಮ್ಮ ಮಾತಿನ ತೂಕವೇ ಹೋಗುತ್ತದೆ. ಆದರೆ ಕೆಂಪು ಗಾರೆಯ ನೆಲದ ಮಾತು ಬೇರೆ. ಅದು ಒಂದೇ ಹಾಸಾಗಿ ತಿಕ್ಕಿ ಮಾಡಿದ್ದು. ನಡುವೆ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ. ಆಗ ಆ ಒಂದು ಕೋಣೆಯ ನೆಲವನ್ನು ಪೂರ್ತಿ ಮಾಡಿಸುವ ಖರ್ಚನ್ನು ಕೇಳುವುದು ನ್ಯಾಯವೆನಿಸಬಹುದು. ಅದರ ಕಾರಣವನ್ನು ಕೆಲಸ ಬಲ್ಲವರಿಂದ ಬರೆಸಿಕೊಳ್ಳಬೇಕು. ಇಬ್ಬರಿಂದ ಅಂದಾಜು ತೆಗೆದುಕೊಂಡರೆ ಮತ್ತೂ ಒಳ್ಳೆಯದು. ಅಂಗಡಿಯವರೇ ತಮ್ಮ ಗಾರೆಯವರನ್ನು ಕಳುಹಿಸಿ ಸರಿಮಾಡಿಸುತ್ತೇವೆಂದರೆ ಒಪ್ಪಿಕೊಳ್ಳಿ. ಎಂದು, ಏನು ಮಾಡುತ್ತಾರೆಂಬುದು ಮಾತ್ರ ಬರಹದಲ್ಲಿರಲಿ.

ಕಾಗದಕ್ಕೆ ಉತ್ತರ ಬಾರದೆ ಹೋದರೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲಿಯೂ ದೂರು ಹೇಳಬಹುದು. ಅವರು ತೀರ್ಪು ಕೊಡುವವರಲ್ಲ. ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುವ ಪ್ರಯತ್ನ ಮಾಡುತ್ತಾರೆ. ಎಷ್ಟೋ ಸಣ್ಣ ದೂರುಗಳು ಇಲ್ಲಿಗೇ ಮುಗಿಯಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಇಲ್ಲಿಯೂ ಮುಗಿಯದಿದ್ದರೆ ಮೈಸೂರಿನಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಮೊದಲಿನ ಕಾಯಿದೆಯಲ್ಲಿ ಎದುರುಪಕ್ಷದವರು ಇರುವ ಕಡೆ, ಇಲ್ಲವೆ ವ್ಯವಹಾರದ ಕಾರಣ ಹುಟ್ಟಿದ ಕಡೆ ಹೋಗಬೇಕಾಗಿತ್ತು. ಈಗ ದೂರುದಾರರು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಗಾವಡಗೆರೆಯವರು ಮೈಸೂರಿಗೆ ಹೋದರೆ ಸಾಕು. ಐದು ಲಕ್ಷ ರೂಪಾಯಿವರೆಗಿನ ಬೆಲೆ ತೆತ್ತು ಕೊಂಡದ್ದಕ್ಕೆ ಸಂಬಂಧಿಸಿದ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವೂ ಇಲ್ಲ. ನಿಮ್ಮ ಮಾತನ್ನು ನೀವೇ ಹೇಳಿಕೊಳ್ಳಬಹುದು. 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ಏರ್ಪಾಡೂ ಆಗಿದೆ. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಯಲ್ಲಿ ರಾಜಿಯಾಗಲೂ ಅವಕಾಶವಿದೆ.

ನೆನಪಿಡಬೇಕಾದ ಗಡುವು ಒಂದೇ: ದೂರಿಗೆ ಕಾರಣವುಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಮಳೆಗಾಲದಲ್ಲಿ ತಿಳಿದುಬಂದ ಸೋರಿಕೆಗೆ ಈ ಅವಧಿ ಸಾಲದೆ ಹೋಗುವುದಿಲ್ಲ. ಆದರೆ ಬಿಲ್ಲು, ಚೀಟಿ, ಚಿತ್ರಗಳನ್ನು ಅಲ್ಲಿಯವರೆಗೆ ಜೋಪಾನ ಮಾಡಿರಬೇಕು.

ಆಯೋಗ ಕೊಡಿಸುವುದು ಕಲ್ಲು ಸಿಮೆಂಟಿನ ಬೆಲೆಯನ್ನಷ್ಟೇ ಅಲ್ಲ. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ 1993ರ ನವೆಂಬರಿನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ಗ್ರಾಹಕನು ಪಟ್ಟ ಕಿರುಕುಳ, ಮನಃಕ್ಲೇಶಗಳನ್ನೂ ಪರಿಹಾರದ ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ಹೇಳಿದೆ. ತಿಂಗಳುಗಟ್ಟಲೆ ಅಂಗಡಿಗೂ ಕಂಪನಿಗೂ ನಡುವೆ ಅಲೆದವರಿಗೆ ಇದು ಸಮಾಧಾನದ ಮಾತು.

ಎಲ್ಲ ಸಂದರ್ಭದಲ್ಲೂ ನ್ಯಾಯ ನಮ್ಮ ಕಡೆಗೇ ಇರುತ್ತದೆಂದು ಭಾವಿಸಬಾರದು. ಅಂಗಡಿಯ ಜೋಡಣೆ ಬೇಡವೆಂದು, ನಾಲ್ಕು ಕಾಸು ಉಳಿಯಲೆಂದು, ನಾವೇ ಬೀದಿಯ ಯಾರನ್ನೋ ಕರೆದು ಮಾಡಿಸಿದ್ದರೆ ಅದಕ್ಕೆ ಅಂಗಡಿಯವರು ಹೊಣೆಯಲ್ಲ. "ಸಾರ್, ಇಲ್ಲಿ ಕೊರೆಯುವುದು ಬೇಡ, ಒಳಗೆ ಕೊಳವೆ ಇರಬಹುದು" ಎಂದು ಕೆಲಸದವನು ಹೇಳಿದರೂ, "ಏನೂ ಆಗೊಲ್ಲ, ಕೊರಿಯಪ್ಪ" ಎಂದು ನಾವೇ ಹಟ ಹಿಡಿದಿದ್ದರೆ ಆ ಭಾರ ನಮ್ಮದೇ. ಬಿಲ್ಲಿನಲ್ಲಿಲ್ಲದ ಕೆಲಸವನ್ನು ಕೈಗೆ ಹಣ ಕೊಟ್ಟು ಮಾಡಿಸಿಕೊಂಡಾಗಲೂ ಹೀಗೆಯೇ. ಮೊದಲೇ ಇದ್ದ ಬಿರುಕನ್ನು ಹೊಸದೆಂದು ಹೇಳುವುದಂತೂ ಬಡವನೊಬ್ಬನ ಅನ್ನಕ್ಕೆ ಕಲ್ಲು ಹಾಕುವ ಕೆಲಸ.

ಕೊನೆಯದಾಗಿ ಒಂದು ಮಾತು. "ಹೋಗಲಿ ಬಿಡಿ, ಒಂದು ಕಲ್ಲು ತಾನೆ" ಎಂದು ಸುಮ್ಮನಾಗುವ ದೊಡ್ಡ ಮನಸ್ಸು ನಮ್ಮ ಜನರಲ್ಲಿ ಹೇರಳವಾಗಿದೆ. ಆ ಔದಾರ್ಯವನ್ನು ಕೆಲಸದ ಹುಡುಗನ ಮೇಲೆ ತೋರಿಸೋಣ. ಅವನನ್ನು ಕಳುಹಿಸಿದವರ ಮೇಲಲ್ಲ. ಬೆವರು ಒರೆಸಿಕೊಳ್ಳುತ್ತಿರುವ ಅವನಿಗೆ ಕುಡಿಯಲು ನೀರು ಕೊಡಿ. ಅದೇ ದಿನ ಅಂಗಡಿಗೆ ಕಾಗದವನ್ನೂ ಬರೆಯಿರಿ. ಈ ಎರಡು ಕೆಲಸಗಳಲ್ಲಿ ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.